ಎಂಜಿನ್ ಪಳಗಿಸುವ ವಿದ್ಯೆ

ಹೊಸ ರುಬ್ಬುವ ಕಲ್ಲನ್ನು ಮನೆಗೆ ತಂದ ದಿನವೇ ನಮ್ಮ ಹಿಂದಿನವರು ಅದರಲ್ಲಿ ದೋಸೆಯ ಹಿಟ್ಟನ್ನು ರುಬ್ಬುತ್ತಿರಲಿಲ್ಲ. ಮೊದಲು ತೌಡನ್ನೋ ನುಚ್ಚನ್ನೋ ರುಬ್ಬಿ, ಕಲ್ಲುಪುಡಿ ಬೆರೆತ ಅದನ್ನು ಚೆಲ್ಲಿಬಿಡುವುದು ವಾಡಿಕೆ. ಹೊಸ ಕಾರಿನ ಎಂಜಿನ್ನನ್ನು ಪಳಗಿಸುವ ವಿದ್ಯೆಯೂ ಮೂಲತಃ ಇದೇ ಎಂದು ನನ್ನ ಎಣಿಕೆ.

ಸಿಲಿಂಡರಿನ ಒಳಗೋಡೆ ಕಣ್ಣಿಗೆ ನುಣುಪಾಗಿ ಕಂಡರೂ ನುಣುಪಲ್ಲ. ಎಣ್ಣೆ ನಿಲ್ಲಲೆಂದು ಅದರ ಮೇಲೆ ಅಡ್ಡಡ್ಡ ಹಾಯುವ ಸೂಕ್ಷ್ಮ ಗೀರುಗಳನ್ನು ಕಾರ್ಖಾನೆಯವರೇ ಎಳೆದಿರುತ್ತಾರೆ. ಇದಕ್ಕೆ ಹೋನಿಂಗ್ ಎಂದು ಹೆಸರು. ಪಿಸ್ಟನ್ನಿನ ಉಂಗುರಗಳು ಆ ಗೀರುಗಳ ಮೊನೆಯನ್ನು ಉಜ್ಜಿ, ಗೋಡೆಗೆ ಸರಿಯಾಗಿ ಹೊಂದಿಕೊಳ್ಳಬೇಕು. ಮೊದಲಲ್ಲೇ ವಿಪರೀತ ಓಡಿಸಿದರೆ ಕಾವು ಹೆಚ್ಚಿ ಲೋಹ ಲೋಹವನ್ನು ಕಚ್ಚುತ್ತದೆ. ತೀರ ಮುದ್ದುಮಾಡಿದರೂ ಕೇಡೇ: ಒತ್ತಡ ಸಾಲದೆ ಉಂಗುರಗಳು ಕೂರುವುದಿಲ್ಲ, ಗೋಡೆ ಮೆರುಗುಗಟ್ಟಿ ಎಂಜಿನ್ ಎಣ್ಣೆ ಕುಡಿಯತೊಡಗುತ್ತದೆ.

ಅಂಬಾಸಡರ್, ಫಿಯೆಟ್ಟುಗಳ ಕಾಲದಲ್ಲಿ ಕಾರ್ಖಾನೆ ಉಳಿಸಿದ ಈ ಕೆಲಸವನ್ನು ಕೊಂಡವನೇ ಮುಗಿಸಬೇಕಾಗಿದ್ದಿತು. ಇಂಗ್ಲೆಂಡಿನಲ್ಲಿ ಅಂಥ ಕಾರಿನ ಹಿಂಗಾಜಿಗೆ ‘ಎಂಜಿನ್ ಪಳಗುತ್ತಿದೆ, ದಯವಿಟ್ಟು ಮುಂದೆ ಹೋಗಿ’ ಎಂಬ ಚೀಟಿ ಅಂಟಿಸುತ್ತಿದ್ದರು. ೧೯೬೧ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಜಾವಾದಂಥ ಎರಡು ಸ್ಟ್ರೋಕಿನ ಮೋಟಾರ್‌ಸೈಕಲ್ಲುಗಳಿಗೆ, ಹೊಸತರಲ್ಲಿ ಪೆಟ್ರೋಲಿನೊಡನೆ ತುಸು ಹೆಚ್ಚು ಎಣ್ಣೆ ಬೆರೆಸುವುದು ರೂಢಿ.

ಕೊಂಡವನ ಈ ಹೊರೆಯನ್ನು ಇಳಿಸಿದವರಾರು? ಅದಕ್ಕೆ ಉತ್ತರವನ್ನು ತುಮಕೂರು ರಸ್ತೆಯ ಆಸುಪಾಸಿನಲ್ಲೂ ಹುಡುಕಬಹುದು. ಯಂತ್ರಗಳನ್ನು ಮಾಡುವ ಯಂತ್ರಗಳಿಗಾಗಿ ೧೯೫೩ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಂಸ್ಥೆಯ ನೆರವಿನಿಂದ ಜಾಲಹಳ್ಳಿಯಲ್ಲಿ ಎಚ್.ಎಂ.ಟಿ. ಹುಟ್ಟಿತು. ೧೯೬೨ರಲ್ಲಿ, ಇಂದು ಸಿ.ಎಂ.ಟಿ.ಐ. ಎನಿಸಿರುವ ಯಂತ್ರೋಪಕರಣ ಸಂಸ್ಥೆ ಬಂದಿತು. ೧೯೭೦ರ ದಶಕದಿಂದ ಪೀಣ್ಯದಲ್ಲಿ ಸಣ್ಣ ಕಾರ್ಖಾನೆಗಳು ಬೆಳೆದವು. ಮಿಲಿಮೀಟರಿನ ಸಾವಿರದಲ್ಲೊಂದು ಪಾಲನ್ನು ಅಳೆಯುವ ಶಿಸ್ತು ಜಗತ್ತಿನೆಲ್ಲೆಡೆ ಹೀಗೆ ಬೆಳೆದಂತೆಲ್ಲ, ಕೊಂಡವನ ಪಾಲಿನ ಉಜ್ಜುವಿಕೆ ಕಡಮೆಯಾಯಿತು.

ಕಡಮೆಯಾಯಿತೇ ಹೊರತು ತೀರಲಿಲ್ಲ. ಮೊದಲ ಸಾವಿರ ಕಿಲೋಮೀಟರು ಎಂಜಿನ್ನನ್ನು ಪೂರ್ಣ ವೇಗಕ್ಕೆ ಏರಿಸಬಾರದು, ಒಂದೇ ವೇಗದಲ್ಲಿ ಬಹುದೂರ ಓಡಿಸಬಾರದು, ಭಾರ ಎಳೆಸಬಾರದು ಎಂಬುದು ಇಂದಿಗೂ ಒಳ್ಳೆಯ ಮಾತೇ. ಸಿಲ್ಕ್ ಬೋರ್ಡಿನ ದಟ್ಟಣೆಯಲ್ಲಿ ಗಂಟೆಗಟ್ಟಲೆ ನಿಂತೇ ಉರಿದ ಎಂಜಿನ್ ಪಳಗಿದ್ದೆನ್ನುವಂತಿಲ್ಲ. ಎಲೆಕ್ಟ್ರಾನಿಕ್ ಸಿಟಿಯ ಮೇಲ್ಸೇತುವೆಯನ್ನೇರಿ ಒಂದೇ ಉಸಿರಿಗೆ ಓಡಿದ್ದೂ ಅಷ್ಟೆ. ಬೆಳಗಿನ ತೆರವಾದ ರಸ್ತೆಯಲ್ಲಿ ಏರುತ್ತ ಇಳಿಯುತ್ತ ಸಾಗುವ ಪ್ರಯಾಣವೇ ಅದಕ್ಕೆ ತಕ್ಕ ಪಾಠಶಾಲೆ.

ಅದೇ ಎಲೆಕ್ಟ್ರಾನಿಕ್ ಸಿಟಿಯ ಸಮೀಪದ ಬೊಮ್ಮಸಂದ್ರದಿಂದ ೨೦೦೧ರಲ್ಲಿ ರೇವಾ ಎಂಬ ವಿದ್ಯುತ್ ಕಾರು ಹೊರಬಂದಿತು. ಅದರಲ್ಲಿ ಪಿಸ್ಟನ್ನೂ ಇರಲಿಲ್ಲ, ಉಂಗುರವೂ ಇರಲಿಲ್ಲ. ರೇವಾ ಈಗ ತಯಾರಾಗುತ್ತಿಲ್ಲ. ಆದರೆ ಅದರ ದಾರಿಯಲ್ಲಿ ಬಂದ ಕಾರುಗಳು ಹೆಚ್ಚುತ್ತಿವೆ. ಅವುಗಳ ಒಡೆಯರು ಈ ವಿದ್ಯೆಯನ್ನು ಮರೆತುಬಿಡಬಹುದೇ? ಪೂರ್ತಿಯಾಗಿ ಬೇಡವೆನ್ನುತ್ತೇನೆ. ಹೊಸ ಬ್ರೇಕುಗಳೂ ಹೊಸ ಟೈರುಗಳೂ ತಮ್ಮ ಪೂರ್ಣ ಹಿಡಿತಕ್ಕೆ ಬರಲು ಅಲ್ಲಿಯೂ ಕೆಲವು ನೂರು ಕಿಲೋಮೀಟರುಗಳ ತಾಳ್ಮೆ ಬೇಕೇ ಬೇಕು.