ಗಾಡಿಯ ಕುಲುಕು ಯಾರ ಬೆನ್ನಿಗೆ?

ತುಮಕೂರಿನಿಂದ ಗುಬ್ಬಿಗೆ ಹೋಗುವ ರಸ್ತೆಯಲ್ಲಿ ಬೆಳಗಿನ ಹೊತ್ತು ಬಸ್ಸಿನ ಕಿಟಕಿಯಿಂದ ಹೊರಗೆ ನೋಡಿದವರಿಗೆ ಒಂದು ದೃಶ್ಯ ತೀರಾ ಪರಿಚಿತ. ಟ್ರ್ಯಾಕ್ಟರಿನ ಹಿಂದಿನ ಟ್ರೇಲರಿನಲ್ಲಿ ಹತ್ತಾರು ಮಂದಿ ಕೂಲಿಗೆ ಹೊರಟಿರುತ್ತಾರೆ. ಗುಂಡಿ ಬಂದಾಗ ಟ್ರೇಲರು ಎಗರುತ್ತದೆ. ಕೂತವರು ಒಬ್ಬರ ತೋಳನ್ನೊಬ್ಬರು ಹಿಡಿದುಕೊಳ್ಳುತ್ತಾರೆ. ಟ್ರ್ಯಾಕ್ಟರ್ ಓಡಿಸುವವನ ಸೀಟಿನ ಅಡಿಯಲ್ಲಿ ಸ್ಪ್ರಿಂಗ್ ಉಂಟು. ಹಿಂದೆ ಕೂತವರ ಅಡಿಯಲ್ಲಿ ಬರೀ ತಗಡು.

ಸರಕು ಸಾಗಿಸುವ ವಾಹನದಲ್ಲಿ ಜನರನ್ನು ಒಯ್ಯುವುದೇ ಕಾನೂನಿಗೆ ವಿರುದ್ಧ ಎಂಬ ಮಾತು ಹಾಗಿರಲಿ. ಕುಲುಕಾಟ ತಗ್ಗಿಸುವ ವಿದ್ಯೆ ಇನ್ನೂರು ವರ್ಷಕ್ಕೂ ಹಳೆಯದು. ಅದು ಈ ಟ್ರೇಲರಿನವರೆಗೆ ಏಕೆ ಬರಲಿಲ್ಲ? ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ತುಮಕೂರು ಸೀಮೆಯ ಗಾಡಿಗಳ ಕತೆಯಲ್ಲೇ ಅದು ಅಡಗಿದೆ.

ಹುಲ್ಲೇ ಸ್ಪ್ರಿಂಗ್

ನಮ್ಮ ಎತ್ತಿನ ಗಾಡಿಗೆ ಸ್ಪ್ರಿಂಗ್ ಎಂಬುದು ಇರಲಿಲ್ಲ. ಮರದ ಚಕ್ರ, ಅದಕ್ಕೆ ಕಬ್ಬಿಣದ ಪಟ್ಟಿ, ಅಚ್ಚಿನ ಮೇಲೆ ನೇರವಾಗಿ ಕೂತ ಗಾಡಿಯ ಮೈ. ಚಕ್ರ ಕಲ್ಲು ಹತ್ತಿದರೆ ಆ ಪೆಟ್ಟು ಪೂರ್ತಿಯಾಗಿ ಮೇಲಕ್ಕೆ ಬರುತ್ತಿತ್ತು. ಹೆಣ್ಣುಮಕ್ಕಳು, ಮುದುಕರು ಜಾತ್ರೆಗೋ ಮದುವೆಗೋ ಹೊರಟಾಗ ಗಾಡಿಯ ತುಂಬ ಹುಲ್ಲು ಹಾಸಿ, ಮೇಲೊಂದು ಜಮಖಾನ ಹಾಕುತ್ತಿದ್ದರು. ಆ ಹುಲ್ಲೇ ಅಂದಿನ ಸ್ಪ್ರಿಂಗ್.

ಆದರೆ ಹುಲ್ಲು ಕೂತವರಿಗಾಯಿತು, ಎಳೆಯುವ ಎತ್ತಿಗಲ್ಲ. ಎರಡು ಚಕ್ರದ ಗಾಡಿಯ ಒಂದೊಂದು ಕುಲುಕೂ ಮೂಕಿಯ ಮೂಲಕ ನೊಗಕ್ಕೆ, ನೊಗದಿಂದ ಎತ್ತಿನ ಹೆಗಲಿಗೆ ತಲುಪುತ್ತದೆ. ಹೆಗಲು ಬಾತುಕೊಳ್ಳುವುದಕ್ಕೆ, ಹುಣ್ಣಾಗುವುದಕ್ಕೆ ಭಾರದಷ್ಟೇ ಈ ಪೆಟ್ಟೂ ಕಾರಣ.

ಹಳ್ಳಿಕಾರ್ ದನಗಳಿಗೆ ಹೆಸರಾದ ಈ ಸೀಮೆಯಲ್ಲಿ ಎತ್ತಿನ ಶಕ್ತಿಯ ಬಗ್ಗೆ ಹೆಮ್ಮೆ ಹಳೆಯದು. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯನ್ನು ಟಿಪ್ಪು ಸುಲ್ತಾನ್ ‘ಅಮೃತ ಮಹಲ್’ ಎಂದು ಕರೆದ. ಅದರ ಎತ್ತುಗಳು ಫಿರಂಗಿ ಎಳೆದವು. 1781ರಲ್ಲಿ ಹೈದರಾಲಿಯ ಸೈನ್ಯ ಚಿದಂಬರದ ರಕ್ಷಣೆಗೆ ಎರಡೂವರೆ ದಿನದಲ್ಲಿ ನೂರು ಮೈಲಿ ಸಾಗಿದ್ದು ಈ ಎತ್ತುಗಳ ಬಲದಿಂದ ಎಂದು ಚರಿತ್ರೆಕಾರರು ಬರೆದಿದ್ದಾರೆ. ಎತ್ತಿನ ವೇಗವನ್ನು ಬರೆದಿಟ್ಟರು. ಅದರ ಹೆಗಲಿನ ಗತಿ ಏನಾಯಿತೆಂದು ಕೇಳಿದವರು ಕಡಿಮೆ.

ಜಟಕಾ ತಂದ ಸುಖ

1804ರಲ್ಲಿ ಲಂಡನ್ನಿನ ಒಬಡಯ್ಯ ಎಲಿಯಟ್ ಎಂಬ ಗಾಡಿ ತಯಾರಕ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ, ಬಿಲ್ಲಿನಂತೆ ಬಾಗಿಸಿ, ಕುದುರೆ ಗಾಡಿಗೆ ಅಳವಡಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಈ ಪಟ್ಟಿ ಸ್ಪ್ರಿಂಗ್ ಕ್ರಮೇಣ ನಮ್ಮ ಜಟಕಾ ಗಾಡಿಗೂ ಬಂತು. ಕುದುರೆ ಓಡುತ್ತದೆ, ಕೂತವನು ಕಾಸು ಕೊಡುತ್ತಾನೆ. ಆದ್ದರಿಂದ ಜಟಕಾಕ್ಕೆ ಸ್ಪ್ರಿಂಗ್ ಬೇಕಾಯಿತು. ರಾಗಿ ಮೂಟೆ ಹೊರುವ ಎತ್ತಿನ ಗಾಡಿಗೆ ಯಾರೂ ಅದನ್ನು ಹಾಕಿಸಲಿಲ್ಲ. ಮೂಟೆ ನೋವೆಂದು ಹೇಳುವುದಿಲ್ಲವಲ್ಲ!

ಮುರಿಯುವ ಸರಕೇ ಇದ್ದರೆ? ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಸಂಘ ಇದಕ್ಕೆ ಒಳ್ಳೆಯ ನಿದರ್ಶನ. ಬಾಲಕನಾಗಿ ಕಂಪೆನಿ ಸೇರಿದ ವೀರಣ್ಣನವರು (1891–1972) 1917ರಲ್ಲಿ ಅದರ ಒಡೆಯರಾಗಿ ಅದನ್ನು ನಾಡಿನ ಅತಿ ದೊಡ್ಡ ಸಂಚಾರಿ ಕಂಪೆನಿಯನ್ನಾಗಿ ಬೆಳೆಸಿದರು. 1934ರ ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ, ಕುದುರೆಗಳೇ ರಂಗಕ್ಕೆ ಬಂದವು. ನಾಟಕ ಕಂಪೆನಿ ಎಂದರೆ ಪರದೆ, ಸೀನರಿ, ಹಾರ್ಮೋನಿಯಂ, ದೀಪಗಳು, ಅಡುಗೆ ಪಾತ್ರೆ, ಜತೆಗೆ ಮಕ್ಕಳುಮರಿ ಸಮೇತ ಸಂಸಾರಗಳು. ಒಂದು ಮೊಕ್ಕಾಂನಿಂದ ಇನ್ನೊಂದಕ್ಕೆ ಇಡೀ ಊರೇ ಕದಲಿದಂತೆ. ಒಮ್ಮೆ ಉರಿದ ಗ್ಯಾಸ್‌ಲೈಟ್ ಮ್ಯಾಂಟಲ್ ಬೂದಿಯಷ್ಟೇ ಹಗುರ, ಒಂದು ಕುಲುಕಿಗೆ ಉದುರಿ ಹೋಗುವಂಥದು.

ಕಂಪೆನಿ ಹುಟ್ಟಿದ 1884ರಲ್ಲೇ ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂದದ್ದು, 1889ರ ವೇಳೆಗೆ ಆ ಹಳಿ ಹರಿಹರ ಮುಟ್ಟಿದ್ದು ಸಂಚಾರಿ ಕಂಪೆನಿಗಳ ಭಾಗ್ಯ. ನಯವಾದ ಹಳಿಯ ಮೇಲೆ, ಸ್ಪ್ರಿಂಗ್ ಇದ್ದ ಬೋಗಿಯಲ್ಲಿ ದೂರದ ಪ್ರಯಾಣ ಸಲೀಸಾಯಿತು. ಆದರೆ ರೈಲಿಲ್ಲದ ಊರಿನ ಹಾದಿಯಲ್ಲಿ ಎತ್ತಿನ ಗಾಡಿಯೇ ಗತಿ.

ಡನ್ಲಪ್ ಗಾಡಿ

1888ರಲ್ಲಿ ಜಾನ್ ಬಾಯ್ಡ್ ಡನ್ಲಪ್ ಸೈಕಲ್ಲಿಗೆಂದು ಗಾಳಿ ತುಂಬಿದ ಟೈರ್ ರೂಪಿಸಿದ. ಅದೇ ಬಗೆಯ ಟೈರು ಮುಂದೆ ಎತ್ತಿನ ಗಾಡಿಗೂ ಬಂದು ಅದಕ್ಕೆ ‘ಡನ್ಲಪ್ ಗಾಡಿ’ ಎಂಬ ಹೆಸರೇ ನಿಂತಿತು. 1970ರ ದಶಕದಲ್ಲಿ ಬೆಂಗಳೂರಿನ ಐಐಎಂ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿ ಅವರು ಎತ್ತಿನ ಗಾಡಿಯ ಸುಧಾರಣೆಯನ್ನೇ ವ್ರತದಂತೆ ಹಿಡಿದರು. ಒರಟು ನೊಗ, ಭಾರದ ಗಾಡಿ, ಕುಲುಕಾಟ ಇವು ಪ್ರಾಣಿಯನ್ನು ಹಿಂಸಿಸುವುದಲ್ಲದೆ ಅದರ ಶಕ್ತಿಯನ್ನೂ ಪೋಲು ಮಾಡುತ್ತವೆ ಎಂಬುದು ಅವರ ವಾದ. ಸುಧಾರಿಸಿದ ಗಾಡಿಗೆ ದುಡ್ಡು ಬೇಕು, ರೈತನ ಬಳಿ ಅದಿರಲಿಲ್ಲ. ಅಷ್ಟರಲ್ಲಿ ಟ್ರ್ಯಾಕ್ಟರ್ ಬಂತು.

ಸ್ಪ್ರಿಂಗ್ ಒಂದೇ ಸಾಲದು

ಸ್ಪ್ರಿಂಗಿಗೊಂದು ದೋಷವಿದೆ. ಪೆಟ್ಟನ್ನು ನುಂಗಿದ ಸ್ಪ್ರಿಂಗ್ ಅದನ್ನು ಹಿಂದಕ್ಕೆ ಕೊಡುತ್ತದೆ. ಆದ್ದರಿಂದಲೇ ಒಂದು ಗುಂಡಿ ದಾಟಿದ ಗಾಡಿ ಮೂರು ನಾಲ್ಕು ಸಲ ತೂಗಾಡುತ್ತದೆ. ಪಟ್ಟಿಗಳು ಒಂದಕ್ಕೊಂದು ಉಜ್ಜಿಕೊಂಡು ಈ ತೂಗಾಟವನ್ನು ಸ್ವಲ್ಪ ತಡೆಯುತ್ತವೆ. ಜಟಕಾದ ವೇಗಕ್ಕೆ ಅಷ್ಟು ಸಾಕಾಗಿತ್ತು. ಮೋಟಾರು ಬಂದ ಮೇಲೆ ಸಾಲದಾಯಿತು. 20ನೇ ಶತಮಾನದ ಮೊದಲ ದಶಕದಲ್ಲಿ ಕಾರುಗಳಿಗೆ ಶಾಕ್ ಅಬ್ಸಾರ್ಬರ್ ಬಂದದ್ದು ಹೀಗೆ.

ಇದರ ಒಳಗುಟ್ಟು ಸರಳ. ಎಣ್ಣೆ ತುಂಬಿದ ಕೊಳವೆಯೊಳಗೆ ಸಣ್ಣ ರಂಧ್ರಗಳಿರುವ ಪಿಸ್ಟನ್. ಗಾಡಿ ಎಗರಿದಾಗ ಎಣ್ಣೆ ಆ ರಂಧ್ರಗಳಲ್ಲಿ ತಡವರಿಸುತ್ತ ನುಗ್ಗುತ್ತದೆ. ಎಗರಾಟದ ಶಕ್ತಿ ಶಾಖವಾಗಿ ಕರಗುತ್ತದೆ. ಅದು ಭಾರ ಹೊರುವುದಿಲ್ಲ. ಹೊರುವುದು ಸ್ಪ್ರಿಂಗಿನ ಕೆಲಸ. ಆದ್ದರಿಂದ ಸ್ಪ್ರಿಂಗೇ ಇಲ್ಲದ ಗಾಡಿಗೆ ಶಾಕ್ ಅಬ್ಸಾರ್ಬರ್ ಮಾತ್ರ ಹಾಕಿಸಿ ಪ್ರಯೋಜನವಿಲ್ಲ. ಸ್ಪ್ರಿಂಗ್ ಇದ್ದಲ್ಲಿ ಒಂದು ತುದಿಯನ್ನು ಅಚ್ಚಿಗೆ, ಇನ್ನೊಂದನ್ನು ಮೇಲಿನ ಚೌಕಟ್ಟಿಗೆ ಬಿಗಿದರೆ ಸಾಕು. ಅಮೆರಿಕದಲ್ಲಿ ಕಾರಿನ ಹಿಂದೆ ಎಳೆದೊಯ್ಯುವ ಮನೆಯಂಥ ಟ್ರೇಲರುಗಳಲ್ಲೂ ಹಲವಕ್ಕೆ ಇದು ಇರುವುದಿಲ್ಲ. ಒಳಗಿನ ಕಪಾಟು, ಪಾತ್ರೆಗಳು ಉದುರಿದ ಮೇಲೆ ಮಾಲೀಕರೇ ಹಾಕಿಸಿಕೊಳ್ಳುತ್ತಾರೆ.

ನಮ್ಮ ಎರಡು ಚಕ್ರದ ಹೊಲದ ಟ್ರೇಲರುಗಳಲ್ಲಿ ಬಹಳಷ್ಟಕ್ಕೆ ಸ್ಪ್ರಿಂಗೇ ಇಲ್ಲ. ಇರುವ ಕಡೆಯೂ ಅದು ಪೂರ್ತಿ ಹೇರಿನ ಲೆಕ್ಕದ್ದು. ಮರಳು, ಗೊಬ್ಬರ ತುಂಬಿದಾಗ ಬಾಗುತ್ತದೆ, ಹತ್ತು ಜನ ಕೂತರೆ ಜಗ್ಗುವುದಿಲ್ಲ. ಹಗುರಾದ ಹೇರಿಗೇ ಕುಲುಕು ಜಾಸ್ತಿ.

ಟಿಪ್ಪುವಿನ ಕಾಲಕ್ಕೆ ತನ್ನ ಮೂಲ ಹೇಳುವ ಕುಣಿಗಲ್ಲಿನ ಕುದುರೆ ಫಾರಂ ರೇಸ್ ಕುದುರೆಗಳಿಗೆ ಹೆಸರುವಾಸಿ. ಅಂಥ ಕುದುರೆಗಳನ್ನು ಸಾಗಿಸುವ ವಾಹನಕ್ಕೆ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್, ಕಾಲಡಿಗೆ ರಬ್ಬರ್ ಹಾಸು ಇರುತ್ತದೆ. ತಪ್ಪೇನಿಲ್ಲ, ಚಲಿಸುವ ಗಾಡಿಯಲ್ಲಿ ನಿಂತ ಕುದುರೆ ಕಾಲೂರಿ ತೂಕ ಹಿಡಿಯುತ್ತಲೇ ಇರಬೇಕು. ಅದರ ಕಾಲಿಗೆ ಬೆಲೆಯಿದೆ. ಬೆಲೆ ಕಟ್ಟಿದ ಕಡೆಗೆಲ್ಲ ಸ್ಪ್ರಿಂಗ್ ತಾನಾಗಿ ಬಂದಿದೆ. ಮೊದಲು ಎತ್ತಿನ ಹೆಗಲನ್ನು, ಈಗ ಕೂಲಿಯವರ ಬೆನ್ನನ್ನು ಯಾರೂ ಆ ಲೆಕ್ಕಕ್ಕೆ ಹಿಡಿದಿಲ್ಲ, ಅಷ್ಟೇ.