ಕ್ಷಮಾಶೀಲ ಮಾರ್ಗ: ಒಂದು ಕಲ್ಪನೆಯ ಉಗಮ ಮತ್ತು ವಿಕಾಸ

೧

ಮಾರ್ಗಗಳ ಇತಿಹಾಸವನ್ನು ಬರೆದವರು ಸಾಮಾನ್ಯವಾಗಿ ಅದನ್ನು ರಾಜ್ಯಗಳ ಬೆಳವಣಿಗೆ, ವಾಣಿಜ್ಯದ ವಿಸ್ತಾರ, ಸೈನ್ಯದ ಚಲನೆ ಇವುಗಳ ಅಂಗವಾಗಿ ಬರೆದಿದ್ದಾರೆ. ಆದರೆ ತನ್ನ ಮೇಲೆ ಸಂಚರಿಸುವವನ ಪ್ರಾಣಕ್ಕೆ ಮಾರ್ಗವು ಎಷ್ಟರಮಟ್ಟಿಗೆ ಹೊಣೆ ಎಂಬ ಪ್ರಶ್ನೆಗೂ ಒಂದು ಇತಿಹಾಸವುಂಟು. ಅದು ಬಹಳ ಹಳೆಯದಲ್ಲ; ಅದರ ಮುಖ್ಯ ಘಟ್ಟಗಳೆಲ್ಲ ಇಪ್ಪತ್ತನೆಯ ಶತಮಾನಕ್ಕೆ ಸೇರಿದವು. ಚಾಲಕನು ತಪ್ಪಿದರೂ ಮಾರ್ಗವು ಅವನನ್ನು ಕೊಲ್ಲಬಾರದು ಎಂಬ ತತ್ತ್ವವು ಯಾವ ಸಂದರ್ಭದಲ್ಲಿ ಹುಟ್ಟಿತು, ಹೇಗೆ ಅಂಗೀಕೃತವಾಯಿತು, ಅದರ ಮಿತಿಗಳೇನು ಎಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ. ಎಂಜಿನಿಯರುಗಳು ಈ ತತ್ತ್ವವನ್ನು ‘ಕ್ಷಮಾಶೀಲ ಮಾರ್ಗ’ ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ.

ಮೋಟಾರು ವಾಹನವು ಬಳಕೆಗೆ ಬಂದ ಮೊದಲ ದಶಕಗಳಲ್ಲಿ ಅಪಘಾತವೆಂದರೆ ಯಾರೋ ಒಬ್ಬನ ಅಪರಾಧವೆಂದೇ ಎಲ್ಲರೂ ಭಾವಿಸಿದ್ದರು. ೧೯೨೪ರಲ್ಲಿ ಅಮೆರಿಕದ ವಾಣಿಜ್ಯ ಸಚಿವರಾಗಿದ್ದ ಹರ್ಬರ್ಟ್ ಹೂವರ್ ಅವರು ವಾಷಿಂಗ್‌ಟನ್ನಿನಲ್ಲಿ ರಸ್ತೆ ಸುರಕ್ಷತೆಯನ್ನು ಕುರಿತು ರಾಷ್ಟ್ರೀಯ ಸಮ್ಮೇಳನವೊಂದನ್ನು ಕರೆದರು. ಆ ಕಾಲದಲ್ಲಿ ರೂಢಿಗೆ ಬಂದ ಸೂತ್ರವು ನಿರ್ಮಾಣ, ಶಿಕ್ಷಣ, ಶಾಸನಪಾಲನೆ ಎಂಬ ಮೂರು ಅಂಗಗಳನ್ನುಳ್ಳದ್ದು. ಇವುಗಳಲ್ಲಿ ನಿರ್ಮಾಣವೆಂಬ ಅಂಗಕ್ಕೆ ಆಗ ಇದ್ದ ಅರ್ಥವನ್ನು ಗಮನಿಸಬೇಕು. ಮಿಷಿಗನ್ ಪ್ರಾಂತದ ವೇಯ್ನ್ ಕೌಂಟಿಯಲ್ಲಿ ೧೯೧೧ರಲ್ಲಿ ರಸ್ತೆಯ ನಡುವೆ ಗೆರೆಯನ್ನು ಎಳೆದುದು, ಇಂಗ್ಲೆಂಡಿನ ಪರ್ಸಿ ಷಾ ಎಂಬಾತನು ೧೯೩೪ರಲ್ಲಿ ಬೆಕ್ಕಿನ ಕಣ್ಣಿನಂತೆ ಹೊಳೆಯುವ ಗುಂಡಿಗಳನ್ನು ರಸ್ತೆಯಲ್ಲಿ ಹುದುಗಿಸಲು ಉಪಾಯ ಕಂಡುಹಿಡಿದುದು, ತಿರುವುಗಳ ಹೊರ ಅಂಚನ್ನು ಎತ್ತರಿಸಿದುದು, ಇವೆಲ್ಲವೂ ಚಾಲಕನು ತಪ್ಪು ಮಾಡದಂತೆ ನೆರವಾಗುವ ಸಾಧನಗಳು. ಇಷ್ಟಾದ ಮೇಲೂ ಅವನು ತಪ್ಪಿದರೆ ಫಲವನ್ನು ಅವನೇ ಅನುಭವಿಸತಕ್ಕದ್ದು ಎಂಬುದು ಈ ಎಲ್ಲ ಕ್ರಮಗಳ ಹಿಂದಿದ್ದ ನಂಬಿಕೆ.

೨

ಈ ನಂಬಿಕೆಯನ್ನು ಮೊದಲು ಅಲುಗಿಸಿದ ವಿಚಾರವು ರಸ್ತೆಯಿಂದ ಬರಲಿಲ್ಲ, ಆಕಾಶದಿಂದ ಬಂದಿತು. ಹ್ಯೂ ಡಿಹೇವನ್ ಎಂಬ ಅಮೆರಿಕನ್ ತರುಣನು ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಕೆನಡಾದಲ್ಲಿ ವಿಮಾನ ಚಾಲನೆಯ ಶಿಕ್ಷಣ ಪಡೆಯುತ್ತಿದ್ದಾಗ ಭೀಕರ ಅಪಘಾತವೊಂದರಲ್ಲಿ ಬದುಕಿ ಉಳಿದನು. ತಾನು ಉಳಿದುದೇಕೆ ಎಂಬ ಪ್ರಶ್ನೆ ಅವನನ್ನು ಜೀವಮಾನವಿಡೀ ಬಿಡಲಿಲ್ಲ. ಐವತ್ತರಿಂದ ನೂರೈವತ್ತು ಅಡಿಗಳಷ್ಟು ಎತ್ತರದಿಂದ ಬಿದ್ದರೂ ಬದುಕಿದವರ ಸಂಗತಿಗಳನ್ನು ಪರಿಶೀಲಿಸಿ ೧೯೪೨ರಲ್ಲಿ ಆತನು ಪ್ರಕಟಿಸಿದ ಲೇಖನದ ಸಾರವಿಷ್ಟು: ಅಪಘಾತಕ್ಕೆ ಕಾರಣವಾದುದು ಬೇರೆ, ಗಾಯಕ್ಕೆ ಕಾರಣವಾದುದು ಬೇರೆ. ಬೀಳುವ ದೇಹವು ಮೃದುವಾದ ನೆಲದ ಮೇಲೆ, ಅಗಲವಾದ ಆಸರೆಯ ಮೇಲೆ ಬಿದ್ದರೆ ಅದರ ವೇಗವು ಸ್ವಲ್ಪ ದೂರದಲ್ಲಿ ಹಂಚಿ ಕರಗುತ್ತದೆ. ಗಡುಸಾದ ಅಂಚಿಗೆ ತಾಗಿದರೆ ಆ ಶಕ್ತಿಯೆಲ್ಲ ಒಂದೇ ಕ್ಷಣದಲ್ಲಿ ಒಂದೇ ಅಂಗದ ಮೇಲೆ ಎರಗುತ್ತದೆ. ಬಿದ್ದವನ ತಪ್ಪು ಎರಡು ಪ್ರಸಂಗಗಳಲ್ಲಿಯೂ ಒಂದೇ. ಪರಿಣಾಮಗಳು ಮಾತ್ರ ಬೇರೆ.

ಇದೇ ವಿವೇಚನೆಯನ್ನು ಮಾರ್ಗಕ್ಕೆ ಅನ್ವಯಿಸಿದವರಲ್ಲಿ ಪ್ರಮುಖನು ಕೆನೆತ್ ಸ್ಟೋನೆಕ್ಸ್. ಜನರಲ್ ಮೋಟಾರ್ಸ್ ಕಂಪನಿಯು ೧೯೨೪ರಲ್ಲಿ ಮಿಷಿಗನ್ನಿನ ಮಿಲ್‌ಫರ್ಡಿನಲ್ಲಿ ತೆರೆದ ವಾಹನ ಪರೀಕ್ಷಾ ಕ್ಷೇತ್ರದಲ್ಲಿ ಆತನು ಎಂಜಿನಿಯರನಾಗಿದ್ದನು. ಆ ಕ್ಷೇತ್ರದ ಚಾಲಕರು ನುರಿತವರು. ಅಲ್ಲಿ ಎದುರು ಸಂಚಾರದ ಹಾವಳಿ ಕಡಮೆ. ಆದರೂ ವಾಹನಗಳು ಆಗಾಗ ದಾರಿಯನ್ನು ಬಿಟ್ಟು ಪಕ್ಕಕ್ಕೆ ನುಗ್ಗುತ್ತಲೇ ಇದ್ದವು. ಎಷ್ಟೇ ನಿಪುಣನಾದರೂ ಮನುಷ್ಯನು ಒಂದಲ್ಲ ಒಂದು ಸಲ ತಪ್ಪುವನೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿರಲಿಲ್ಲ. ಆದುದರಿಂದ ಚಾಲಕರನ್ನು ತಿದ್ದುವುದರ ಜೊತೆಗೆ ರಸ್ತೆಯ ಮಗ್ಗುಲನ್ನೂ ತಿದ್ದಲಾಯಿತು: ಮರಗಳನ್ನು ತೆಗೆದರು, ಆಳವಾದ ಚರಂಡಿಗಳನ್ನು ಮುಚ್ಚಿದರು, ಕಡಿದಾದ ಇಳಿಜಾರುಗಳನ್ನು ತಗ್ಗಿಸಿದರು. ದಾರಿ ಬಿಟ್ಟ ವಾಹನಗಳಲ್ಲಿ ನೂರಕ್ಕೆ ಸುಮಾರು ಎಂಬತ್ತು ಮೂವತ್ತು ಅಡಿಗಳ ಒಳಗೇ ಹತೋಟಿಗೆ ಬರಬಲ್ಲವು ಎಂಬ ಅಂದಾಜು ಈ ಕ್ಷೇತ್ರದ ದಾಖಲೆಗಳಿಂದ ದೊರೆಯಿತು. ಸಾರ್ವಜನಿಕ ಹೆದ್ದಾರಿಗಳನ್ನೂ ಇದೇ ರೀತಿ ಕಟ್ಟಬೇಕೆಂದು ಸ್ಟೋನೆಕ್ಸ್ ೧೯೬೦ರ ಸುಮಾರಿನಲ್ಲಿ ವಾದಿಸತೊಡಗಿದನು.

೩

ವಾದವೊಂದು ಸರಿಯಾಗಿರುವುದಕ್ಕೂ ಅದು ಅಂಗೀಕೃತವಾಗುವುದಕ್ಕೂ ನಡುವೆ ಬಹಳ ಅಂತರವಿರುತ್ತದೆ. ೧೯೫೬ರ ಶಾಸನದ ಮೇರೆಗೆ ಅಮೆರಿಕದಲ್ಲಿ ೪೧,೦೦೦ ಮೈಲಿಗಳ ಅಂತರ ಪ್ರಾಂತೀಯ ಹೆದ್ದಾರಿಗಳ ನಿರ್ಮಾಣ ಆರಂಭವಾಗಿದ್ದಿತು. ಆ ಹೊಸ ಮಾರ್ಗಗಳಲ್ಲಿ ಅಡ್ಡರಸ್ತೆಗಳಿರಲಿಲ್ಲ, ಎದುರು ಬರುವ ವಾಹನಗಳಿಗೆ ಬೇರೆ ದಾರಿಯೇ ಇದ್ದಿತು. ಆದರೆ ದಾರಿಯನ್ನು ತೋರಿಸುವ ಫಲಕಗಳನ್ನು ಉಕ್ಕಿನ ಕಂಬಗಳ ಮೇಲೆ, ಕಾಂಕ್ರೀಟಿನ ಪೀಠಗಳ ಮೇಲೆ ರಸ್ತೆಯ ಅಂಚಿನಲ್ಲಿಯೇ ನಿಲ್ಲಿಸಿದ್ದರು. ರಕ್ಷಣೆಗೆಂದು ಹಾಕಿದ ಕಬ್ಬಿಣದ ಕಟಕಟೆಯ ಮೊಂಡು ತುದಿಯೇ ಈಟಿಯಂತೆ ವಾಹನದೊಳಕ್ಕೆ ಹೊಗುವಂತಿದ್ದಿತು.

೧೯೬೫ರಲ್ಲಿ ರಾಲ್ಫ್ ನೇಡರ್ ಅವರ ಗ್ರಂಥವು ವಾಹನ ತಯಾರಕರ ಹೊಣೆಯನ್ನು ಜನರ ಮುಂದಿಟ್ಟಿತು. ೧೯೬೬ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಜಾನ್‌ಸನ್ನರು ವಾಹನ ಸುರಕ್ಷತೆ, ಹೆದ್ದಾರಿ ಸುರಕ್ಷತೆಗಳನ್ನು ಕುರಿತ ಎರಡು ಶಾಸನಗಳಿಗೆ ಸಹಿ ಹಾಕಿದರು. ಮರುವರ್ಷ ಜಾನ್ ಬ್ಲಾಟ್ನಿಕ್ ಅವರ ಅಧ್ಯಕ್ಷತೆಯ ಕಾಂಗ್ರೆಸ್ ಉಪಸಮಿತಿಯು ರಸ್ತೆ ಮಗ್ಗುಲಿನ ಅಪಾಯಗಳನ್ನು ಕುರಿತು ಸಾಕ್ಷ್ಯಗಳನ್ನು ಕೇಳಿತು. ಆ ಸಾಕ್ಷಿಗಳಲ್ಲಿ ಒಬ್ಬನು ಎಂಜಿನಿಯರನೂ ಅಲ್ಲ, ಅಧಿಕಾರಿಯೂ ಅಲ್ಲ. ನ್ಯೂಯಾರ್ಕಿನಲ್ಲಿ ಟೆಲಿವಿಷನ್ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದ ಸಾಮಾನ್ಯ ನಾಗರಿಕ. ತಾನು ಓಡಾಡುವ ರಸ್ತೆಗಳಲ್ಲಿ ಕಂಡ ಕಂಬ, ಪೀಠ, ಕಟಕಟೆಗಳ ಭಾವಚಿತ್ರಗಳನ್ನು ತೆಗೆದು ಅವನು ಸಮಿತಿಯ ಮುಂದಿಟ್ಟನು. ಅದೇ ೧೯೬೭ರಲ್ಲಿ ಪ್ರಾಂತಗಳ ಹೆದ್ದಾರಿ ಅಧಿಕಾರಿಗಳ ಸಂಘವು ಹೊರಡಿಸಿದ ವರದಿಯು ಮೂವತ್ತು ಅಡಿಗಳ ನಿರಾತಂಕ ಅಂಚನ್ನು ಶಿಫಾರಸು ಮಾಡಿತು. ವಾಹನ ತಾಗಿದೊಡನೆ ಬುಡದಿಂದ ಜಾರಿ ಮೇಲಕ್ಕೆ ಮಡಿಸಿಕೊಳ್ಳುವ ಕಂಬಗಳನ್ನು ಟೆಕ್ಸಾಸಿನ ಸಂಶೋಧಕರು ಆ ವೇಳೆಗೆ ಸಿದ್ಧಪಡಿಸಿದ್ದರು. ಹೀಗೆ ಸುಮಾರು ಒಂದು ದಶಕದೊಳಗೆ, ಅಪವಾದವನ್ನು ಚಾಲಕನೊಬ್ಬನೇ ಹೊರುವ ಸ್ಥಿತಿ ಹೋಗಿ ರಸ್ತೆಯ ಕಂಬವೂ ಉತ್ತರ ಹೇಳಬೇಕಾದ ಸ್ಥಿತಿ ಬಂದಿತು.

೪

ಅಮೆರಿಕದಲ್ಲಿ ತಂತ್ರವಾಗಿ ಬೆಳೆದ ಈ ವಿಚಾರಕ್ಕೆ ನೀತಿತತ್ತ್ವದ ಸ್ಥಾನವನ್ನು ಕೊಟ್ಟದ್ದು ಸ್ವೀಡನ್. ರಸ್ತೆಯಲ್ಲಿ ಯಾರೂ ಸಾಯಬಾರದು, ಯಾರೂ ತೀವ್ರವಾಗಿ ಗಾಯಗೊಳ್ಳಬಾರದು ಎಂಬ ‘ಶೂನ್ಯ ದೃಷ್ಟಿ’ಯನ್ನು ಆ ದೇಶದ ಸಂಸತ್ತು ೧೯೯೭ರ ಅಕ್ಟೋಬರಿನಲ್ಲಿ ಅಂಗೀಕರಿಸಿತು. ಇದರ ಪ್ರಕಾರ ನಿಯಮ ಪಾಲನೆ ಸಂಚಾರಿಗಳ ಕರ್ತವ್ಯ; ಆದರೆ ಅವರು ಅದರಲ್ಲಿ ತಪ್ಪಿದಾಗ ಸಾವು ಸಂಭವಿಸದಂತೆ ನೋಡಿಕೊಳ್ಳುವ ಅಂತಿಮ ಹೊಣೆ ವ್ಯವಸ್ಥೆಯನ್ನು ರಚಿಸಿದವರದು. ವೇಗದ ಮಿತಿಯನ್ನು ಮನುಷ್ಯ ದೇಹದ ಸಹನಶಕ್ತಿಯಿಂದ ನಿರ್ಣಯಿಸಬೇಕೆಂಬುದು ಇದರಿಂದ ಹೊರಟ ಸಿದ್ಧಾಂತ: ಪಾದಚಾರಿಗಳೂ ವಾಹನಗಳೂ ಬೆರೆಯುವಲ್ಲಿ ಗಂಟೆಗೆ ೩೦ ಕಿಲೋಮೀಟರು, ವಾಹನಗಳು ಪರಸ್ಪರ ಪಕ್ಕದಿಂದ ಹಾಯಬಹುದಾದಲ್ಲಿ ೫೦, ಎದುರುಬದುರು ಹಾಯಬಹುದಾದಲ್ಲಿ ೭೦.

ಈ ಸಿದ್ಧಾಂತದ ಪ್ರಯೋಗಕ್ಕೆ ಹದಿಮೂರು ಮೀಟರು ಅಗಲದ ಸ್ವೀಡಿಷ್ ಹೆದ್ದಾರಿಗಳು ಒಳ್ಳೆಯ ನಿದರ್ಶನ. ಅವುಗಳಲ್ಲಿ ಎದುರು ವಾಹನಗಳ ಡಿಕ್ಕಿಯಿಂದ ಬಹಳ ಸಾವುಗಳಾಗುತ್ತಿದ್ದವು. ೧೯೯೮ರಲ್ಲಿ ಯೆವ್ಲೆ ನಗರದ ಉತ್ತರಕ್ಕಿರುವ ಮಾರ್ಗಭಾಗವೊಂದರಲ್ಲಿ ಮೊದಲು ಮಾಡಿ, ಅದೇ ಅಗಲವನ್ನು ಮೂರು ಸಾಲುಗಳಾಗಿ ಹಂಚಿ, ಎರಡು ಸಾಲುಗಳ ಅವಕಾಶವನ್ನು ಒಮ್ಮೆ ಈ ದಿಕ್ಕಿಗೆ, ಒಮ್ಮೆ ಆ ದಿಕ್ಕಿಗೆ ಕೊಟ್ಟು, ನಡುವೆ ಉಕ್ಕಿನ ಹಗ್ಗದ ತಡೆಯನ್ನು ಕಟ್ಟಿದರು. ಬೇಲಿಗೆ ವಾಹನಗಳು ತಾಗುವುದು ಸಾಮಾನ್ಯವಾಯಿತು. ಸಾಯುವವರ ಸಂಖ್ಯೆ ಮಾತ್ರ ಬಹುವಾಗಿ ಇಳಿಯಿತು. ೧೯೯೭ರಲ್ಲಿ ಆ ದೇಶದ ರಸ್ತೆಗಳಲ್ಲಿ ಸುಮಾರು ೫೪೦ ಜನರು ಸತ್ತಿದ್ದರು. ೨೦೧೦ರಲ್ಲಿ ಸತ್ತವರು ಮುನ್ನೂರಕ್ಕಿಂತ ಕಡಮೆ. ವಾಹನಗಳ ಸುಧಾರಣೆಗೂ ಇದರಲ್ಲಿ ಪಾಲಿದೆಯಾದುದರಿಂದ ಎಲ್ಲ ಕೀರ್ತಿಯನ್ನೂ ಮಾರ್ಗಕ್ಕೇ ಕೊಡುವುದು ಯುಕ್ತವಲ್ಲ.

೫

ಈಗ ಮಿತಿಗಳನ್ನು ನೋಡೋಣ. ಕ್ಷಮಾಶೀಲ ಮಾರ್ಗವು ಕ್ಷಮಿಸುವುದು ಯಾರನ್ನು? ಮಿಲ್‌ಫರ್ಡಿನ ಪರೀಕ್ಷಾ ಕ್ಷೇತ್ರದಲ್ಲಿ ಪಾದಚಾರಿಗಳಿರಲಿಲ್ಲ. ಅಗಲವಾದ, ಅಡೆತಡೆಯಿಲ್ಲದ ರಸ್ತೆಯು ವೇಗವನ್ನು ಆಹ್ವಾನಿಸುತ್ತದೆ. ಅದೇ ಮಾದರಿಯನ್ನು ಊರೊಳಕ್ಕೆ ತಂದರೆ ಒಳಗೆ ಕುಳಿತವನು ಉಳಿದಾನು, ಹೊರಗೆ ನಡೆಯುವವನು ಉಳಿಯನು. ಹಾಲೆಂಡಿನಲ್ಲಿ ೧೯೭೧ರಲ್ಲಿ ರಸ್ತೆಗಳಲ್ಲಿ ಸತ್ತ ಮೂರು ಸಾವಿರಕ್ಕೂ ಹೆಚ್ಚು ಜನರಲ್ಲಿ ನಾನೂರಕ್ಕೂ ಹೆಚ್ಚು ಮಂದಿ ಮಕ್ಕಳು. ಅದರ ಬೆನ್ನಲ್ಲೇ ತಂದೆತಾಯಿಗಳು ಚಳವಳಿ ಹೂಡಿದರು. ಡೆಲ್ಫ್ಟ್ ನಗರದಲ್ಲಿ ಮೊದಲಾಗಿದ್ದ, ವಾಹನವು ನಡೆಯುವವನ ವೇಗಕ್ಕೆ ಇಳಿಯಬೇಕಾದ ವಸತಿ ಬೀದಿಗಳ ಮಾದರಿಗೆ ೧೯೭೬ರಲ್ಲಿ ಶಾಸನದ ಮನ್ನಣೆ ದೊರೆಯಿತು. ಹೆದ್ದಾರಿಯಲ್ಲಿ ಅಡ್ಡಿಗಳನ್ನು ತೆಗೆಯುವುದು ಹೇಗೆ ರಕ್ಷಣೆಯೋ ಬೀದಿಯಲ್ಲಿ ಅಡ್ಡಿಗಳನ್ನು ಇಡುವುದೂ ಹಾಗೆಯೇ ರಕ್ಷಣೆ.

ನಮ್ಮ ದೇಶಕ್ಕೆ ಈ ಭೇದವು ಅತ್ಯಂತ ಮುಖ್ಯವಾದುದು. ಕೇಂದ್ರ ಸರ್ಕಾರದ ವರದಿಯ ಪ್ರಕಾರ ೨೦೨೨ರಲ್ಲಿ ಭಾರತದ ರಸ್ತೆಗಳಲ್ಲಿ ೧,೬೮,೪೯೧ ಜನರು ಮೃತರಾದರು. ಇವರಲ್ಲಿ ನೂರಕ್ಕೆ ಸುಮಾರು ೪೪ ಮಂದಿ ದ್ವಿಚಕ್ರ ವಾಹನಗಳ ಮೇಲಿದ್ದವರು, ಸುಮಾರು ೧೯ ಮಂದಿ ನಡೆದುಹೋಗುತ್ತಿದ್ದವರು. ಬೆಂಗಳೂರು-ಮೈಸೂರು ಹೆದ್ದಾರಿಯು ೨೦೨೩ರ ಮಾರ್ಚಿಯಲ್ಲಿ ಉದ್ಘಾಟನೆಯಾಗಿ, ಅದೇ ವರ್ಷದ ಆಗಸ್ಟ್ ೧ರಿಂದ ಅದರ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನ, ಆಟೋರಿಕ್ಷಾ, ಟ್ರಾಕ್ಟರುಗಳ ಸಂಚಾರವನ್ನು ನಿಷೇಧಿಸಲಾಯಿತು. ವೇಗಕ್ಕೆಂದು ಕಟ್ಟಿದ ಮಾರ್ಗದಿಂದ ದುರ್ಬಲರನ್ನು ಬೇರ್ಪಡಿಸುವುದು ತತ್ತ್ವಕ್ಕೆ ಅನುಗುಣವೇ ಸರಿ. ಆದರೆ ಹಾಗೆ ಬೇರ್ಪಟ್ಟವರ ಪಕ್ಕದ ದಾರಿಯೂ, ಅವರು ಮುಖ್ಯ ಮಾರ್ಗವನ್ನು ದಾಟುವ ಸ್ಥಳವೂ ಅಷ್ಟೇ ಎಚ್ಚರಿಕೆಯಿಂದ ರಚಿತವಾದಾಗ ಮಾತ್ರ ಅದು ಪೂರ್ಣವಾಗುತ್ತದೆ.

ಇನ್ನೊಂದು ತೊಡಕೂ ಉಂಟು. ದಾರಿಯ ಇಕ್ಕೆಲಗಳಲ್ಲಿ ಆಲದ ಮರಗಳನ್ನು ನೆಡಿಸಿದೆನೆಂದು ಅಶೋಕನು ತನ್ನ ಸ್ತಂಭಶಾಸನದಲ್ಲಿ ಹೇಳಿಕೊಂಡಿದ್ದಾನೆ. ಸಾಲುಮರಗಳನ್ನು ನೆಡುವುದು ನಮ್ಮಲ್ಲಿ ಪುಣ್ಯಕಾರ್ಯ. ನಡೆಯುವವನಿಗೂ ಗಾಡಿಯೆತ್ತಿಗೂ ನೆರಳಾಗಿದ್ದ ಆ ಮರವು ಗಂಟೆಗೆ ನೂರು ಕಿಲೋಮೀಟರು ವೇಗದ ವಾಹನಕ್ಕೆ ಮೃತ್ಯುವಾಗುತ್ತದೆ. ಮರವನ್ನು ಕಡಿಯುವುದೊಂದೇ ಇದಕ್ಕೆ ಪರಿಹಾರವಲ್ಲ. ಮರದ ಮುಂದೆ ತಡೆ ಕಟ್ಟಬಹುದು, ಇಲ್ಲವೆ ವೇಗವನ್ನು ಇಳಿಸಬಹುದು. ಯಾವುದನ್ನು ಆರಿಸಬೇಕೆಂಬುದನ್ನು ಆ ಮಾರ್ಗವು ಯಾರಿಗಾಗಿ ಇದೆ ಎಂಬ ಪ್ರಶ್ನೆಯೇ ನಿರ್ಣಯಿಸಬೇಕು.

೬

ಕಡೆಯದಾಗಿ, ಇತಿಹಾಸಕಾರರಿಗೆ ನೇರವಾಗಿ ಸಂಬಂಧಿಸಿದ ಒಂದು ಮಾತು. ಮೇಲೆ ಹೇಳಿದ ೨೦೨೨ರ ವರದಿಯು ಮರಣಗಳಲ್ಲಿ ನೂರಕ್ಕೆ ಸುಮಾರು ೭೧ನ್ನು ಅತಿವೇಗದ ಲೆಕ್ಕಕ್ಕೆ ಸೇರಿಸುತ್ತದೆ. ಈ ಅಂಕಿಗಳ ಮೂಲ ಪೊಲೀಸರ ದಾಖಲೆ. ಪೊಲೀಸರ ಪ್ರಥಮ ವರ್ತಮಾನ ವರದಿಯು ಕೇಳುವ ಪ್ರಶ್ನೆ ‘ಅಪರಾಧಿ ಯಾರು’ ಎಂಬುದು. ‘ಕೊಂದದ್ದು ಯಾವುದು’ ಎಂಬುದಲ್ಲ. ಕೇಳದ ಪ್ರಶ್ನೆಗೆ ದಾಖಲೆಯಲ್ಲಿ ಉತ್ತರ ಸಿಗುವುದು ಕಷ್ಟ. ಮೋರಿಯ ಗೋಡೆ, ಎಚ್ಚರಿಕೆಯ ಫಲಕವಿಲ್ಲದ ತಿರುವು, ಕಟಕಟೆಯ ತುದಿ ಇವು ಆ ಕಾಗದಗಳಲ್ಲಿ ಬಂದರೂ ಘಟನೆ ನಡೆದ ಸ್ಥಳವಾಗಿ ಬರುತ್ತವೆ, ಕಾರಣವಾಗಿ ಬರುವುದು ವಿರಳ.

೨೦೧೯ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಶಾಸನದ ೧೯೮-ಎ ವಿಧಿಯು ಮೊದಲ ಬಾರಿಗೆ ಈ ಕೊರತೆಯನ್ನು ಮುಟ್ಟಿದೆ. ರಸ್ತೆಯ ರಚನೆ, ನಿರ್ಮಾಣ, ದುರಸ್ತಿಗಳಲ್ಲಿ ಗೊತ್ತುಪಡಿಸಿದ ಮಟ್ಟವನ್ನು ಪಾಲಿಸದೆ ಅದರಿಂದ ಮರಣವೋ ಅಂಗವಿಕಲತೆಯೋ ಉಂಟಾದರೆ ಸಂಬಂಧಪಟ್ಟ ಅಧಿಕಾರ ಸಂಸ್ಥೆ, ಗುತ್ತಿಗೆದಾರ ಅಥವಾ ಸಲಹೆಗಾರನಿಗೆ ಒಂದು ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಒಂದು ಪ್ರಾಣಕ್ಕೆ ಒಂದು ಲಕ್ಷವು ಅಲ್ಪವೆಂದು ಯಾರಾದರೂ ಹೇಳಿಯಾರು. ಆದರೂ ಹೊಣೆಯನ್ನು ಒಪ್ಪಿದ ಮಟ್ಟಿಗೆ ಈ ವಿಧಿ ಗಣನೀಯವಾದುದು. ಅದು ಕಾಗದದ ಮೇಲೆಯೇ ಉಳಿಯಬಾರದೆಂದಿದ್ದರೆ, ಪ್ರತಿಯೊಂದು ಮರಣದ ಸ್ಥಳದಲ್ಲಿಯೂ ರಸ್ತೆಯ ಅಗಲ, ಅಂಚು, ಇಳಿಜಾರು, ಅಡ್ಡಿಗಳನ್ನು ಅಳೆದು ಬರೆದಿಡುವ ಪದ್ಧತಿ ಬೆಳೆಯಬೇಕು. ಅಂತಹ ದಾಖಲೆಯಿಲ್ಲದೆ ನ್ಯಾಯಾಲಯವು ತೀರ್ಪು ಕೊಡಲಾರದು, ಎಂಜಿನಿಯರು ತಿದ್ದಲಾರನು, ಮುಂದೆ ಈ ಕಾಲದ ಇತಿಹಾಸವನ್ನು ಬರೆಯುವವನು ಸತ್ತ ಚಾಲಕನ ಮೇಲೆಯೇ ಎಲ್ಲ ಅಪವಾದವನ್ನೂ ಹೊರಿಸಬೇಕಾದೀತು.