ಹಲಗಲಿಯ ಹತಾರಗಳು

1857ರ ಸೆಪ್ಟೆಂಬರಿನಲ್ಲಿ ಕಲ್ಕತ್ತೆಯ ಕುಂಪಣಿ ಸರ್ಕಾರ ಒಂದು ಕಾಯ್ದೆ ತಂದಿತು. ಪರವಾನಗಿ ಇಲ್ಲದೆ ಇನ್ನು ಯಾರೂ ಆಯುಧ ಇಟ್ಟುಕೊಳ್ಳುವಂತಿಲ್ಲ. ಮೀರತ್ತಿನ ಸಿಪಾಯಿಗಳು ತಿರುಗಿಬಿದ್ದು ಆಗ ನಾಲ್ಕು ತಿಂಗಳಾಗಿತ್ತು. ಜುಲೈ ಕೊನೆಯಲ್ಲಿ ಕೊಲ್ಹಾಪುರದ ಪಲಟಣವೂ ದಂಗೆ ಎದ್ದಮೇಲೆ ಬೆಳಗಾವಿ, ಧಾರವಾಡದ ಸಾಹೇಬರ ನಿದ್ದೆ ಹಾರಿತ್ತು. ಸುತ್ತಲಿನ ಸಂಸ್ಥಾನಗಳ ಪ್ರಜೆಗಳೂ ಹತಾರ ಒಪ್ಪಿಸಬೇಕೆಂದಾಯಿತು. ಘೋರ್ಪಡೆ ಮನೆತನದ ಮುಧೋಳ ಅಂಥದ್ದೊಂದು ಸಂಸ್ಥಾನ. ಹಲಗಲಿ ಅದರ ಒಂದು ಹಳ್ಳಿ.

ಅಲ್ಲಿನ ಬೇಡರದು ಬೇಟೆಯ ಕುಲ. ಕಾವಲಿಗೂ ಕಾಳಗಕ್ಕೂ ಊರು ಕರೆಯುತ್ತಿದ್ದುದು ಅವರನ್ನೇ. ಕತ್ತಿ, ಬಂದೂಕು ಒಪ್ಪಿಸಿದರೆ ಹೊಟ್ಟೆಪಾಡಿನ ಜೊತೆಗೆ ಮರ್ಯಾದೆಯೂ ಹೋಗುತ್ತದೆ ಎಂಬುದು ಅವರ ಲೆಕ್ಕ. ಹನುಮ, ಬಾಲ, ಜಡಗ, ರಾಮ ಎಂಬ ನಾಲ್ವರು ಮುಂದಾಳುಗಳ ಹೆಸರನ್ನು ಅವರ ಮೇಲೆ ಕಟ್ಟಿದ ಲಾವಣಿ ಉಳಿಸಿಕೊಟ್ಟಿದೆ. ಜೀವ ಹೋದರೂ ಹತಾರ ಕೊಡುವುದಿಲ್ಲವೆಂದು ಇವರು ಪಟ್ಟು ಹಿಡಿದರು. ವಸೂಲಿಗೆ ಬಂದ ಕಾರಕೂನನ ಕಪಾಳಕ್ಕೆ ಏಟು ಬಿದ್ದದ್ದೂ ಲಾವಣಿಯಲ್ಲಿದೆ. ದೊರೆಯ ಹುಕುಂ ಎಲ್ಲಿಂದಲೇ ಹೊರಡಲಿ, ಊರಿನ ಪಾಲಿಗೆ ಸರ್ಕಾರ ಎಂದರೆ ಮನೆಬಾಗಿಲಿಗೆ ಬಂದು ನಿಲ್ಲುವ ಕಾರಕೂನನೇ ತಾನೆ!

ನವೆಂಬರ್ ಕೊನೆಯಲ್ಲಿ ಕರ್ನಲ್ ಮಾಲ್ಕಂನ ಕುದುರೆ ದಂಡು ಊರಿಗೆ ಮುತ್ತಿಗೆ ಹಾಕಿತು. ಬೇಡರು ಮನೆಗಳ ಮರೆಯಿಂದ ಗುಂಡು ಹಾರಿಸಿದರು. ದಂಡು ಮನೆಗಳಿಗೇ ಬೆಂಕಿ ಇಟ್ಟಿತು. ಹೋರಾಟದಲ್ಲಿ ಸತ್ತವರು ಸತ್ತರು, ನೂರಾರು ಜನ ಸೆರೆಯಾದರು. ಡಿಸೆಂಬರ್ 11ರಂದು ಮುಧೋಳದಲ್ಲಿ, ಸಂತೆಯ ದಿನವೇ, 13 ಮಂದಿಯನ್ನು ಗಲ್ಲಿಗೇರಿಸಿದರು. 14ರಂದು ಹಲಗಲಿಯಲ್ಲಿ ಇನ್ನೂ ಆರು ಮಂದಿಯನ್ನು. ಸುತ್ತಲ ಹಳ್ಳಿಯವರು ಕಾಳುಕಡಿ ಕೊಳ್ಳಲು ಸೇರುವ ದಿನವನ್ನು ಆರಿಸಿಕೊಂಡದ್ದೇಕೆ ಎಂದು ವಿವರಿಸಬೇಕಿಲ್ಲ.

ದಾಖಲೆಯ ಮಟ್ಟಿಗೆ ಪ್ರಕರಣ ಅಲ್ಲಿಗೆ ಮುಗಿಯಿತು.

ಲಾವಣಿ ಮಾತ್ರ ಬೇರೊಂದು ಪಟ್ಟಿ ಹಿಡಿದು ಕೂರುತ್ತದೆ. ಕಟ್ಟಿದವನ ಹೆಸರು ಅದರಲ್ಲಿಲ್ಲ. ಕುರ್ತಕೋಟಿಯ ದೇವರು ಕಲ್ಮೇಶನ ಅಂಕಿತವಿದೆ. ಶೌರ್ಯ, ಗುಂಡಿನ ಸುರಿಮಳೆ, ಹೆಣಗಳ ರಾಶಿ ಎಲ್ಲ ಆದಮೇಲೆ ಹಾಡುಗಾರ ದಂಡಿನವರು ದೋಚಿದ್ದನ್ನು ಎಣಿಸತೊಡಗುತ್ತಾನೆ. ದನಕರು, ಕೊಡಲಿ, ಬೀಸುಕಲ್ಲು, ಉಣ್ಣುವ ಗಂಗಾಳ, ನೀರಿನ ಚರಗಿ, ಹಾಲು, ಬೆಣ್ಣೆ, ಬೆಲ್ಲ, ಜೀರಿಗೆ, ಅರಿಸಿನ, ಕೊನೆಗೆ ಹೆಂಗಸರ ಕೊರಳಿನ ಮಂಗಳಸೂತ್ರ. ಬೀಸುಕಲ್ಲನ್ನು ಹೊತ್ತು ಕುದುರೆ ಸವಾರನೊಬ್ಬ ಎಷ್ಟು ದೂರ ಹೋದಾನು ಎಂದು ಕೇಳುವವರು ಕೇಳಲಿ. ಹತಾರ ಕಸಿಯಲು ಬಂದವರು ಜೀರಿಗೆಯನ್ನೂ ಬಿಡಲಿಲ್ಲವೆಂಬುದು ಹಾಡುಗಾರನ ದೂರು, ಅದನ್ನು ಆತ ಅಡುಗೆಮನೆಯ ಲೆಕ್ಕದಲ್ಲೇ ಹೇಳುತ್ತಾನೆ. ಯಾವ ಸಾಹೇಬನ ವರದಿಯಲ್ಲೂ ಈ ಲೆಕ್ಕ ಸಿಗುವಂಥದ್ದಲ್ಲ.

ವಿಚಿತ್ರವೆಂದರೆ, ಈ ಹಾಡನ್ನು ಮೊದಲು ಅಚ್ಚಿಗೆ ತಂದವನು ಆ ಸರ್ಕಾರದ್ದೇ ಅಧಿಕಾರಿ. ಮುಂಬಯಿ ಸಿವಿಲ್ ಸರ್ವಿಸಿನ ಜಾನ್ ಫೇತ್‌ಫುಲ್ ಫ್ಲೀಟ್ ಶಾಸನತಜ್ಞನೆಂದೇ ನಮಗೆ ಪರಿಚಿತ. ಚಾಲುಕ್ಯರ, ರಾಷ್ಟ್ರಕೂಟರ ಕಲ್ಬರಹಗಳನ್ನು ಓದುತ್ತ ಉತ್ತರ ಕರ್ನಾಟಕದಲ್ಲಿ ಓಡಾಡಿದ ಆತ ಕಿವಿಗೆ ಬಿದ್ದ ಲಾವಣಿಗಳನ್ನೂ ಬಿಡಲಿಲ್ಲ. 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟಿಸಿದ. ಸಂಗೊಳ್ಳಿ ರಾಯಣ್ಣ, ಹಲಗಲಿ ಬೇಡರು, ಸಂಗ್ಯಾನ ಕೊಲೆ, ಇವುಗಳ ಜೊತೆಗೆ ಇನ್‌ಕಮ್ ಟ್ಯಾಕ್ಸಿನ ಮೇಲೂ ಒಂದು ಲಾವಣಿ! ದಂಗೆ ಅಡಗಿಸಿದ ಖರ್ಚಿನಿಂದ ಬರಿದಾಗಿದ್ದ ಖಜಾನೆ ತುಂಬಲು 1860ರಲ್ಲಿ ಬಂದ ತೆರಿಗೆ ಅದು. ಹತಾರ ಕಸಿದದ್ದಕ್ಕೂ ಹಾಡು, ಕಸಿದ ಖರ್ಚು ವಸೂಲು ಮಾಡಿದ್ದಕ್ಕೂ ಹಾಡು. ಮುಂದೆ ಬಿ.ಎಸ್. ಗದ್ದಗಿಮಠ ಅವರ ಸಂಗ್ರಹದ ಮೂಲಕ ಹಲಗಲಿಯ ಲಾವಣಿ ಶಾಲೆಯ ಪಠ್ಯಕ್ಕೂ ಬಂತು.

ಹಲಗಲಿಯ ಬೂದಿ ಆರುವ ಮುನ್ನವೇ, 1858ರ ಮೇ ತಿಂಗಳಲ್ಲಿ, ನರಗುಂದದ ದೊರೆ ಬಾಬಾಸಾಹೇಬ ಸಿಡಿದೆದ್ದ. ಜೂನ್ 12ರಂದು ಬೆಳಗಾವಿಯಲ್ಲಿ ಆತನಿಗೂ ಗಲ್ಲಾಯಿತು.

ಆಯುಧದ ವಿಷಯದಲ್ಲಿ ಸರ್ಕಾರ ಎಲ್ಲರನ್ನೂ ಒಂದೇ ಕಣ್ಣಿನಿಂದ ನೋಡಲಿಲ್ಲ. 1857ರಲ್ಲಿ ನಿಷ್ಠರಾಗಿದ್ದರೆಂದು ಕೊಡವರಿಗೆ 1861ರಲ್ಲಿ ವಿನಾಯಿತಿ ಸಿಕ್ಕಿತು. ಅವರ ಮನೆಯ ಕೋವಿ ಮನೆಯಲ್ಲೇ ಉಳಿಯಿತು. ಬೇಡರಿಗೆ ಆಯುಧ ಎಷ್ಟು ಮುಖ್ಯವೋ ಕೊಡವರಿಗೂ ಅಷ್ಟೇ. ಕೋವಿಗೆ ಪೂಜೆ ಸಲ್ಲಿಸುವ ಕೈಲ್‌ಪೊಳ್ದ್ ಹಬ್ಬವೇ ಅವರಲ್ಲಿದೆ. ಒಂದೇ ಬಗೆಯ ಅಭಿಮಾನಕ್ಕೆ ಒಂದು ಕಡೆ ಗಲ್ಲು, ಇನ್ನೊಂದು ಕಡೆ ಗೌರವ ಸಿಕ್ಕಿತು. ಸರ್ಕಾರ ಅಳೆದದ್ದು ತನ್ನ ಕಡೆಗಿದ್ದ ನಿಷ್ಠೆಯನ್ನು ಮಾತ್ರ.

ಉಳಿದವರ ಮೇಲೆ 1878ರ ಆಯುಧ ಕಾಯ್ದೆ ಇನ್ನಷ್ಟು ಬಿಗಿಯಾಗಿ ಕೂತಿತು. ಅಹಿಂಸೆಯ ಗಾಂಧೀಜಿಯೂ ಅದನ್ನು ಸಹಿಸಲಿಲ್ಲ. ಉಪ್ಪಿನ ಸತ್ಯಾಗ್ರಹಕ್ಕೆ ಮೊದಲು, 1930ರ ಜನವರಿಯಲ್ಲಿ, ಅವರು ವೈಸರಾಯ್ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ ಉಪ್ಪಿನ ತೆರಿಗೆಯ ರದ್ದತಿಯ ಜೊತೆಗೆ ಆತ್ಮರಕ್ಷಣೆಗೆ ಬಂದೂಕಿನ ಪರವಾನಗಿ ಕೊಡಬೇಕೆಂಬುದೂ ಒಂದು. ಆ ಹಳೆಯ ಕಾಯ್ದೆ ಸ್ವಾತಂತ್ರ್ಯ ಬಂದಮೇಲೂ ಹಲವು ವರ್ಷ ಜಾರಿಯಲ್ಲಿತ್ತು. 1959ರ ಕಾಯ್ದೆ ಅದರ ಜಾಗಕ್ಕೆ ಬಂದಾಗ ಕೊಡವರ ವಿನಾಯಿತಿಯೂ ಮುಂದುವರಿಯಿತು.